ಮಗಳ ಬಾಣಂತನಕ್ಕೆ ಅಮೆರಿಕ: ತಿಪಟೂರಿನಿಂದ ಚೆನ್ನೈ ಸುತ್ತಿ ಡಲ್ಲಾಸ್‌ಗೆ

2024ರ ಅಕ್ಟೋಬರ್ ಕೊನೆಯಲ್ಲಿ ಮಗಳು ಡಲ್ಲಾಸ್‌ನಿಂದ ಫೋನ್ ಮಾಡಿ ಸಿಹಿ ಸುದ್ದಿ ಹೇಳಿದಳು. ಜೂನ್ ಮೊದಲ ವಾರಕ್ಕೆ ಡಾಕ್ಟರು ದಿನ ಕೊಟ್ಟಿದ್ದರು. ನಾನು ಅಂಟಿನುಂಡೆಗೆ ಎಷ್ಟು ಅಂಟು ಬೇಕು ಅಂತ ಲೆಕ್ಕ ಹಾಕುತ್ತಾ ಕೂತೆ. ಅಳಿಯಂದಿರು ಬೇರೆಯೇ ಲೆಕ್ಕ ಹಾಕುತ್ತಿದ್ದರು. ಚೆನ್ನೈನಲ್ಲಿ ವೀಸಾ ಸಂದರ್ಶನಕ್ಕೆ ಆಗ ಸಿಗುತ್ತಿದ್ದ ದಿನಾಂಕ 2026ರದ್ದು. ಅಷ್ಟು ಹೊತ್ತಿಗೆ ಮಗು ಗೋಡೆ ಹಿಡಿದು ನಿಲ್ಲುತ್ತಿರುತ್ತದೆ!

ನಮ್ಮಂಥವರು ಮಾಡುವ ದೊಡ್ಡ ತಪ್ಪು ಇದು. ಮಗಳು ಅಮೆರಿಕಕ್ಕೆ ಹೋಗಿ ಎರಡು ವರ್ಷ ಆಗಿತ್ತು. ಆಗಲೇ ಅರ್ಜಿ ಹಾಕಬಹುದಿತ್ತು. ನಮಗೆ ಕೊಡುವ ಬಿ1/ಬಿ2 ಅನ್ನುವ ಭೇಟಿ ವೀಸಾ ಸಾಮಾನ್ಯವಾಗಿ 10 ವರ್ಷದ್ದು. ಮಾಡಿಸಿ ಬೀರುವಿನಲ್ಲಿ ಇಟ್ಟುಕೊಂಡರೆ ಬೇಕಾದಾಗ ಹೊರಡಬಹುದು. ನಾವು ಮಾತ್ರ "ಈಗ ಯಾಕೆ, ಹೋಗೋ ಕಾಲಕ್ಕೆ ನೋಡೋಣ" ಅಂತ ಸುಮ್ನೆ ಇದ್ದೆವು. ಮಕ್ಕಳು ಅಲ್ಲಿ ಕೆಲಸ ಹಿಡಿದು ನೆಲೆ ಕಂಡಿದ್ದರೆ ಇವತ್ತೇ ಶುರು ಮಾಡಿ. ಬಸುರಿಗೆ ಒಂಬತ್ತು ತಿಂಗಳು ಅಷ್ಟೇ. ವೀಸಾ ಸರದಿಗೆ ಆ ಲೆಕ್ಕ ಇಲ್ಲ.

ಕೆಲಸ ಶುರುವಾಗುವುದು ಡಿಎಸ್-160 ಅನ್ನುವ ಆನ್‌ಲೈನ್ ಫಾರಂನಿಂದ. ಒಬ್ಬೊಬ್ಬರಿಗೂ ಬೇರೆ ಬೇರೆ ಫಾರಂ. ಗಂಡ ಹೆಂಡತಿ ಸೇರಿ ಒಂದೇ ಅಂತ ಇಲ್ಲ. ಮಗಳಿಗೆ ಆಗ ವಾಂತಿ, ಸುಸ್ತು. ಅವಳಿಗೆ ಯಾಕೆ ತೊಂದರೆ ಅಂತ ನಮ್ಮ ಮನೆಯವರು ಪೇಟೆಯ ಒಂದು ಸೈಬರ್ ಸೆಂಟರ್‌ಗೆ ಹೋಗಿ ತುಂಬಿಸಿಕೊಂಡು ಬಂದರು. ಹುಡುಗ ಅರ್ಧ ಗಂಟೆಯಲ್ಲಿ ಎರಡೂ ಫಾರಂ ಮುಗಿಸಿಬಿಟ್ಟಿದ್ದ. ಭಾರೀ ಚುರುಕು ಅಂತ ಹೊಗಳಿದ್ದೂ ಆಯಿತು.

ಅದನ್ನು ಮಗಳಿಗೆ ಕಳಿಸಿದಾಗ ಅವಳು ಹೌಹಾರಿದಳು. ಫಾರಂನಲ್ಲಿ ಒಂದು ಪ್ರಶ್ನೆ ಇದೆ. ತಂದೆ ತಾಯಿ ಬಿಟ್ಟು ಹತ್ತಿರದ ಸಂಬಂಧಿಗಳು ಯಾರಾದರೂ ಅಮೆರಿಕದಲ್ಲಿ ಇದ್ದಾರಾ ಅಂತ. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಇದರಲ್ಲಿ ಬರುತ್ತಾರೆ. ಹುಡುಗ "ಇಲ್ಲ" ಅಂತ ಒತ್ತಿದ್ದ. ಮಗಳನ್ನು ನೋಡುವುದಕ್ಕೆ ಹೋಗುತ್ತೇವೆ ಅಂತ ಒಂದು ಪುಟದಲ್ಲಿ, ನಮಗೆ ಅಲ್ಲಿ ಯಾರೂ ಇಲ್ಲ ಅಂತ ಇನ್ನೊಂದು ಪುಟದಲ್ಲಿ! ಅದೇ ಹಾಗೇ ಹೋಗಿದ್ದರೆ ಸುಳ್ಳು ಹೇಳಿದ ಹಾಗೆ ಆಗುತ್ತಿತ್ತು. ಕೆಳಗೆ ಸಹಿಯ ಜಾಗದಲ್ಲಿ ನಿಲ್ಲುವುದು ನಮ್ಮ ಹೆಸರೇ ಹೊರತು ಸೈಬರ್ ಹುಡುಗನದ್ದಲ್ಲ.

ಮತ್ತೆ ಹೊಸದಾಗಿ ತುಂಬಿದೆವು. ಮಗಳು ಅಲ್ಲಿಂದ ಸ್ಕ್ರೀನ್ ಹಂಚಿಕೊಂಡು ಒಂದೊಂದೇ ಪ್ರಶ್ನೆ ಓದಿ ಹೇಳಿದಳು. ಎರಡು ರಾತ್ರಿ ಹಿಡಿಯಿತು. ಇಪ್ಪತ್ತು ನಿಮಿಷ ಏನೂ ಮಾಡದೆ ಬಿಟ್ಟರೆ ಪುಟ ತಾನೇ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಶುರುವಿನಲ್ಲಿ ಬರುವ ಅರ್ಜಿ ನಂಬರನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಆಗಾಗ ಸೇವ್ ಮಾಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಹೆಸರುಗಳನ್ನೂ ಕೇಳುತ್ತಾರೆ. ಹಿಂದೆ ಯಾವಾಗಲಾದರೂ ವೀಸಾ ತಿರಸ್ಕಾರ ಆಗಿದ್ದರೆ ಅದನ್ನೂ ಹೇಳಲೇಬೇಕು. ಕೊನೆಗೆ ಬಾರ್‌ಕೋಡ್ ಇರುವ ಒಂದು ಪುಟ ಬರುತ್ತದೆ. ಆ ನಂಬರ್ ಮತ್ತು ಸಂದರ್ಶನದ ಬುಕಿಂಗ್‌ನಲ್ಲಿರುವ ನಂಬರ್ ಒಂದೇ ಆಗಿರಬೇಕು. ನಮ್ಮ ಹಾಗೆ ಎರಡನೇ ಸಲ ತುಂಬಿದವರು ಇಲ್ಲೇ ಎಡವುತ್ತಾರೆ. ಬುಕಿಂಗ್‌ನಲ್ಲಿ ಹಳೆಯ ನಂಬರೇ ಉಳಿದುಬಿಟ್ಟಿರುತ್ತದೆ.

ಇನ್ನು ನನ್ನ ಹೆಸರಿನ ಕಥೆ. ನನಗಿರುವುದು ಒಂದೇ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದೆ. ನಮ್ಮ ಕಡೆ ಇನಿಶಿಯಲ್ ಇರುತ್ತದೆಯೇ ಹೊರತು ಸರ್‌ನೇಮ್ ಎಲ್ಲಿಂದ ಬರಬೇಕು? ಅಮೆರಿಕದವರಿಗೆ ಇದು ಅರ್ಥವಾಗುವುದಿಲ್ಲ. ಡಿಎಸ್-160ರಲ್ಲಿ ಇಂಥವರು ತಮ್ಮ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆದು, ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕಬೇಕು. ಹಾಗಂದರೆ ಫಸ್ಟ್ ನೇಮ್ ಅನ್‌ನೋನ್. ವೀಸಾ ಮೇಲೂ ಹಾಗೇ ಅಚ್ಚಾಗಿ ಬಂತು. ಮೂವತ್ತು ವರ್ಷ ಮಕ್ಕಳ ಹಾಜರಿ ಕೂಗಿದ ಮೇಷ್ಟ್ರಮ್ಮ ನಾನು. ನನ್ನ ಹೆಸರೇ ಗೊತ್ತಿಲ್ಲವಂತೆ! ನಗು ಬಂದರೂ ಇದು ಸಣ್ಣ ವಿಷಯ ಅಲ್ಲ. ಟಿಕೆಟ್ ಬುಕ್ ಮಾಡುವಾಗ ಮತ್ತೆ ಇದೇ ತಲೆನೋವು. ಆನ್‌ಲೈನ್‌ನಲ್ಲಿ ಎರಡು ಹೆಸರು ಕೊಡದೆ ಮುಂದೆ ಹೋಗುವುದೇ ಇಲ್ಲ. ಅಳಿಯಂದಿರು ವಿಮಾನ ಕಂಪನಿಗೆ ಫೋನ್ ಮಾಡಿ, ಪಾಸ್‌ಪೋರ್ಟ್ ಪ್ರಕಾರ ಹೇಗೆ ಹಾಕಬೇಕು ಅಂತ ಕೇಳಿಕೊಂಡೇ ಬುಕ್ ಮಾಡಿದರು. ಪಾಸ್‌ಪೋರ್ಟ್ ಇನ್ನೂ ಮಾಡಿಸದವರು, ಹೊಸದು ಮಾಡಿಸುವವರು ಸರ್‌ನೇಮ್ ಜಾಗವನ್ನು ದಯವಿಟ್ಟು ಖಾಲಿ ಬಿಡಬೇಡಿ. ತಂದೆ ಹೆಸರೋ ಗಂಡನ ಹೆಸರೋ, ನಿಮ್ಮ ಬೇರೆ ದಾಖಲೆಗಳಿಗೆ ಹೊಂದುವ ಏನಾದರೂ ಇರಲಿ.

ವೀಸಾ ಶುಲ್ಕ ತಲೆಗೆ 185 ಡಾಲರ್. ಆಗಿನ ದರದಲ್ಲಿ 16,000 ರೂಪಾಯಿ ಹತ್ತಿರ ಆಯಿತು. ವೀಸಾ ಸಿಗಲಿ ಬಿಡಲಿ ಈ ದುಡ್ಡು ವಾಪಸ್ ಬರುವುದಿಲ್ಲ. 2025ರ ಜುಲೈನಲ್ಲಿ ಅಲ್ಲಿ ಆದ ಕಾನೂನಿನಲ್ಲಿ ಇನ್ನೂ 250 ಡಾಲರ್‌ನ ಒಂದು ಹೊಸ ಶುಲ್ಕದ ಮಾತಿದೆ. ಅದಕ್ಕೇ ನನ್ನ ಲೆಕ್ಕ ನಂಬಿಕೊಂಡು ಕೂರಬೇಡಿ. ಕಟ್ಟುವ ದಿನ ಅಧಿಕೃತ ವೆಬ್‌ಸೈಟಿನಲ್ಲಿ ನೋಡಿ.

ದಿನಾಂಕದ ವಿಷಯಕ್ಕೆ ಬರುತ್ತೇನೆ. ಸಿಕ್ಕಿದ 2026ರ ದಿನಾಂಕವನ್ನೇ ಮೊದಲು ಹಿಡಿದಿಟ್ಟುಕೊಂಡೆವು. ಆಮೇಲೆ ಅಳಿಯಂದಿರು ದಿನಾ ಬೆಳಿಗ್ಗೆ ಸಂಜೆ ವೆಬ್‌ಸೈಟ್ ತೆಗೆದು ನೋಡುವುದು. ಯಾರಾದರೂ ರದ್ದು ಮಾಡಿದರೆ ಆ ಜಾಗ ಕಾಣಿಸುತ್ತದೆ. 2025ರ ಜನವರಿ 1ರಿಂದ ಒಂದು ಹೊಸ ನಿಯಮ ಬಂದಿತ್ತು. ದಿನಾಂಕ ಬದಲಾಯಿಸುವುದಕ್ಕೆ ಒಂದೇ ಅವಕಾಶ. ಎರಡನೇ ಸಲ ಬದಲಾಯಿಸಬೇಕು ಅಂದರೆ ಮತ್ತೆ ಪೂರ್ತಿ ಶುಲ್ಕ. ಹಾಗಾಗಿ ಒಂದೆರಡು ತಿಂಗಳಷ್ಟೇ ಮುಂಚಿನ ದಿನಾಂಕಕ್ಕೆಲ್ಲ ಅವರು ಆಸೆ ಪಡಲಿಲ್ಲ. ಫೆಬ್ರುವರಿಯಲ್ಲಿ ಒಂದು ರಾತ್ರಿ ಮಾರ್ಚ್ ತಿಂಗಳ ಎರಡು ಜಾಗ ಕಂಡವು. ತಕ್ಷಣ ಒತ್ತಿದರು. ಇಂಥ ದಿನಾಂಕ ಕೊಡಿಸುತ್ತೇವೆ ಅಂತ ಸಾವಿರಾರು ರೂಪಾಯಿ ಕೇಳುವವರು ಇದ್ದಾರೆ. ಅವರಿಗೆ ನಿಮ್ಮ ಪಾಸ್‌ವರ್ಡ್ ಕೊಡಬೇಕಾಗುತ್ತದೆ. ಇರುವ ಒಂದೇ ಬದಲಾವಣೆಯನ್ನು ಅವರು ಸುಟ್ಟು ಹಾಕಿದರೆ ಕೇಳುವವರು ಯಾರು?

ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಬಂತಲ್ಲ, ಚೆನ್ನೈಗೆ ಯಾಕೆ ಅಂತ ಬಹಳ ಜನ ಕೇಳಿದರು. 2025ರ ಜನವರಿಯಲ್ಲಿ ಉದ್ಘಾಟನೆ ಆಗಿದ್ದು ನಿಜ. ನಾವು ಹೋಗುವಾಗ ಅಲ್ಲಿ ವೀಸಾ ಕೊಡುತ್ತಿರಲಿಲ್ಲ. ದೆಹಲಿ, ಮುಂಬೈ, ಕೋಲ್ಕತ್ತಾ, ಹೈದರಾಬಾದ್, ಚೆನ್ನೈ, ಈ ಐದರಲ್ಲಿ ಒಂದು ಕಡೆ ಹೋಗಬೇಕಿತ್ತು. ತಿಪಟೂರಿನವರಿಗೆ ಚೆನ್ನೈಯೇ ಹತ್ತಿರ.

ಚೆನ್ನೈನಲ್ಲಿ ಎರಡು ಕೆಲಸ, ಎರಡು ಜಾಗ. ಮೊದಲ ದಿನ ವೀಸಾ ಅರ್ಜಿ ಕೇಂದ್ರದಲ್ಲಿ ಫೋಟೊ ಮತ್ತು ಬೆರಳಚ್ಚು. ಮಾರನೇ ದಿನ ಕಾನ್ಸುಲೇಟಿನಲ್ಲಿ ಸಂದರ್ಶನ. ಬೆಂಗಳೂರಿನಿಂದ ಬೆಳಗಿನ ವಂದೇ ಭಾರತ್ ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಚೆನ್ನೈ ಸೆಂಟ್ರಲ್. ಆದರೂ ಅದೇ ದಿನ ಮಧ್ಯಾಹ್ನಕ್ಕೆ ಬೆರಳಚ್ಚು ಇಟ್ಟುಕೊಳ್ಳಬೇಡಿ. ನಾವು ಹಿಂದಿನ ದಿನವೇ ಹೋಗಿ ನುಂಗಂಬಾಕ್ಕಂನಲ್ಲಿ ರೂಮು ಮಾಡಿದೆವು. ಮಾರ್ಚ್ ಬಿಸಿಲಿಗೆ ಆ ಒಂದು ರಾತ್ರಿಯ ನಿದ್ದೆ ಬಹಳ ಉಪಕಾರ ಆಯಿತು.

ಬೆರಳಚ್ಚಿನ ಕೋಣೆಯಲ್ಲಿ ನಡೆದದ್ದನ್ನು ತೋಟದವರು, ಪಾತ್ರೆ ತಿಕ್ಕುವವರು, ಎಲ್ಲರೂ ಕೇಳಬೇಕು. ಹತ್ತೂ ಬೆರಳಿನ ಗುರುತು ತೆಗೆದುಕೊಳ್ಳುತ್ತಾರೆ. ನನ್ನದು ಎರಡು ನಿಮಿಷದಲ್ಲಿ ಮುಗಿಯಿತು. ನಮ್ಮ ಮನೆಯವರದ್ದು ಬರಲೇ ಇಲ್ಲ. ನಲವತ್ತು ವರ್ಷ ತೆಂಗಿನಕಾಯಿ ಸುಲಿದ ಕೈ. ಬೆರಳ ತುದಿ ಸವೆದು ನುಣ್ಣಗಾಗಿದೆ. ಗಾಜಿನ ಮೇಲೆ ಇಡುವುದು, ಕೆಂಪು ದೀಪ, ತೆಗೆಯುವುದು, ಮತ್ತೆ ಇಡುವುದು. ಆ ಹುಡುಗಿ ಪಾಪ ಬೇಜಾರು ಮಾಡಿಕೊಳ್ಳಲಿಲ್ಲ. ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಿ ಅಂದಳು, ಬೆರಳನ್ನು ತಾನೇ ಒತ್ತಿ ಹಿಡಿದಳು. ಐದನೇ ಸಲಕ್ಕೆ ಬಂತು. ಹೊರಗೆ ಬಂದಾಗ ಇವರ ಬೆನ್ನೆಲ್ಲ ಬೆವರು. ಒಂದು ವಾರ ಮುಂಚೆಯಿಂದ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಸುಲಿಯುವ ಕೆಲಸ ಬೇರೆಯವರು ಮಾಡಲಿ. ಕೈಗೆ ಮದರಂಗಿಯೂ ಬೇಡ. ಫೋಟೊಗೆ ಕನ್ನಡಕ ತೆಗೆಯಬೇಕು.

ಕಾನ್ಸುಲೇಟ್ ಇರುವುದು ಅಣ್ಣಾ ಸಾಲೈನಲ್ಲಿ, ಜೆಮಿನಿ ಫ್ಲೈಓವರ್ ಪಕ್ಕ. ಆಟೋದವರಿಗೆ ಜೆಮಿನಿ ಅಂದರೆ ಸಾಕು. ಒಳಗೆ ಮೊಬೈಲ್ ಬಿಡುವುದಿಲ್ಲ, ಬ್ಯಾಗ್ ಬಿಡುವುದಿಲ್ಲ, ಸ್ಮಾರ್ಟ್ ವಾಚೂ ಇಲ್ಲ. ರೂಮಿನಲ್ಲೇ ಬಿಟ್ಟು ಹೋಗಿ. ಕೈಯಲ್ಲಿ ಪಾಸ್‌ಪೋರ್ಟ್, ಡಿಎಸ್-160ರ ಬಾರ್‌ಕೋಡ್ ಪುಟ, ಅಪಾಯಿಂಟ್‌ಮೆಂಟ್ ಪತ್ರ, ಒಂದು ಪಾರದರ್ಶಕ ಫೈಲು ಇಷ್ಟು ಸಾಕು.

ಫೈಲಿನ ಬಗ್ಗೆ ಹೇಳಲೇಬೇಕು. ನಾವು ಹೊತ್ತುಕೊಂಡು ಹೋಗಿದ್ದು ಒಂದು ಮಣ ಕಾಗದ. ತೋಟದ ಪಹಣಿ, ಮನೆ ಕಂದಾಯದ ರಸೀದಿ, ನನ್ನ ಪೆನ್ಷನ್ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್, ಮಗಳ ಆಹ್ವಾನ ಪತ್ರ, ಅವರ ಎಚ್‌1ಬಿ ಅನ್ನುವ ಕೆಲಸದ ವೀಸಾದ ಕಾಗದ, ಸಂಬಳದ ಚೀಟಿ, ಮದುವೆ ಫೋಟೊ ಕೂಡ! ಒಬ್ಬ ಏಜೆಂಟರು, ಆಡಿಟರ್ ಹತ್ತಿರ ಆಸ್ತಿ ಮೌಲ್ಯದ ಸರ್ಟಿಫಿಕೇಟ್ ಮಾಡಿಸಲೇಬೇಕು ಅಂದಿದ್ದರು. ಅದಕ್ಕೂ ಕೆಲವು ಸಾವಿರ ಸುರಿದೆವು. ಕಿಟಕಿಯಲ್ಲಿ ಅವರು ಇದರಲ್ಲಿ ಒಂದನ್ನೂ ಕೇಳಲಿಲ್ಲ. ಪಹಣಿ, ಪೆನ್ಷನ್, ಬ್ಯಾಂಕಿನ ಕಾಗದ, ಮಗಳ ಕಡೆಯ ಎರಡು ಮೂರು ದಾಖಲೆ ಇರಲಿ, ಕೇಳಿದರೆ ಕೊಡಬಹುದು. ಸರ್ಟಿಫಿಕೇಟಿನ ದುಡ್ಡು ಉಳಿಸಿಕೊಳ್ಳಿ.

ಅಲ್ಲಿ ಕೂತು ಮಾತಾಡುವ ಸಂದರ್ಶನ ಇಲ್ಲ. ಬ್ಯಾಂಕಿನ ಕೌಂಟರ್ ಹಾಗೆ ಗಾಜಿನ ಕಿಟಕಿ, ಇಬ್ಬರೂ ನಿಂತುಕೊಂಡು ಉತ್ತರ ಕೊಡಬೇಕು. ನಮ್ಮ ಕಿಟಕಿಯಲ್ಲಿ ಇದ್ದವರು ಒಬ್ಬ ಯುವಕ. ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬ ಹೆಂಗಸು, ದುಭಾಷಿ. ಇಂಗ್ಲಿಷ್ ಬರದಿದ್ದರೆ ನಾಚಿಕೆ ಪಟ್ಟುಕೊಂಡು ತಡವರಿಸಬೇಡಿ. ಕನ್ನಡ ಬೇಕು ಅಂತ ಮೊದಲೇ ಹೇಳಿ.

"ಯಾರನ್ನ ನೋಡೋಕೆ ಹೋಗ್ತಿದ್ದೀರಿ?"

"ಮಗಳು, ಅಳಿಯ. ಮಗಳು ಬಸುರಿ, ಜೂನ್‌ಗೆ ಹೆರಿಗೆ" ಅಂದೆ.

ಇದನ್ನು ಹೇಳಬೇಡಿ ಅಂತ ಊರೆಲ್ಲ ಹೇಳಿತ್ತು. ಬಾಣಂತನ ಅಂದರೆ ಮಗು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಿದ್ದಾರೆ ಅಂದುಕೊಳ್ಳುತ್ತಾರಂತೆ, ಸುಮ್ಮನೆ ಊರು ನೋಡುವುದಕ್ಕೆ ಅನ್ನಿ ಅಂತ. ನನಗೆ ಅದು ಸರಿ ಕಾಣಲಿಲ್ಲ. ಮನೆಯವರನ್ನು ನೋಡುವುದಕ್ಕೆ ಅಂತಲೇ ಇರುವ ವೀಸಾ ಇದು. ಹೆತ್ತ ಮಗಳ ಜೊತೆ ಇರುವುದಕ್ಕೆ ಹೋಗುತ್ತಿದ್ದೇನೆ, ಅದರಲ್ಲಿ ಮುಚ್ಚಿಡುವುದು ಏನಿದೆ? ಅಲ್ಲಿ ಹೋಗಿ ದುಡ್ಡಿಗೆ ಬೇರೆಯವರ ಮಗು ನೋಡಿಕೊಳ್ಳುವುದು ಮಾತ್ರ ಪೂರ್ತಿ ತಪ್ಪು. ಹಾಗೆ ಮಾಡುವವರೂ ಇದ್ದಾರೆ, ನೀವು ಮಾಡಬೇಡಿ.

"ಎಷ್ಟು ದಿನ ಇರ್ತೀರಿ?" ಅಂತ ಇವರನ್ನು ಕೇಳಿದರು.

"ಐದು ತಿಂಗಳು. ದೀಪಾವಳಿಗೆ ಊರಲ್ಲಿ ಇರ್ತೀವಿ. ಅಟ್ಟದ ಮೇಲೆ ಕಾಯಿ ಇದೆ."

ದುಭಾಷಿ ಒಂದು ಗಳಿಗೆ ನಿಂತರು. ಅಟ್ಟದ ಕಾಯಿಗೆ ಇಂಗ್ಲಿಷ್ ಸಿಗಲಿಲ್ಲ ಅಂತ ಕಾಣುತ್ತದೆ. ಅವರು ಏನೋ ಹೇಳಿದ ಮೇಲೆ ಆ ಹುಡುಗ ತಲೆ ಎತ್ತಿ ಇವರನ್ನೇ ನೋಡಿದ. ಅಟ್ಟದಲ್ಲಿ ಯಾಕೆ ಇಟ್ಟಿದ್ದೀರಿ ಅಂತ ಕೇಳಿದ. ಇವರಿಗೆ ಅಷ್ಟೇ ಬೇಕಾಗಿತ್ತು. ಕಾಯಿಯನ್ನು ಸಿಪ್ಪೆ ಸಮೇತ ಸುಮಾರು ಒಂದು ವರ್ಷ ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರೆಲ್ಲ ಆರಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಆಗುತ್ತದೆ, ಅಲ್ಲಾಡಿಸಿದರೆ ಗೊಟಗೊಟ ಅನ್ನುತ್ತದೆ, ಮಾರುಕಟ್ಟೆಗೆ ಹಾಕುವಾಗ ನಾನೇ ನಿಂತಿರಬೇಕು, ಇಲ್ಲದಿದ್ದರೆ ಮೋಸ ಆಗುತ್ತದೆ ಅಂತ ಕೈ ಅಲ್ಲಾಡಿಸಿ ವಿವರಿಸಿದರು. ನಾನು ಪಂಚೆ ಸೆರಗು ಹಿಡಿದು ಎಳೆಯುವ ಹಾಗಿರಲಿಲ್ಲ, ಅವರು ಪ್ಯಾಂಟು ಹಾಕಿದ್ದರು. ಹುಡುಗ ನಕ್ಕ. ಖರ್ಚು ಯಾರದ್ದು ಅಂತ ಒಂದು ಪ್ರಶ್ನೆ, ಮುಂಚೆ ಹೊರದೇಶಕ್ಕೆ ಹೋಗಿದ್ದೀರಾ ಅಂತ ಇನ್ನೊಂದು. ಪಾಸ್‌ಪೋರ್ಟ್ ಎರಡನ್ನೂ ತನ್ನ ಕಡೆಯ ಟ್ರೇಯಲ್ಲಿ ಇಟ್ಟುಕೊಂಡ. ಒಟ್ಟು ಮೂರು ನಿಮಿಷ ಇರಬಹುದು.

ಪಾಸ್‌ಪೋರ್ಟ್ ಇಟ್ಟುಕೊಂಡರೆ ಸಾಮಾನ್ಯವಾಗಿ ವೀಸಾ ಸಿಕ್ಕಿತು ಅಂತ ಅರ್ಥ. ಕೈಗೆ ವಾಪಸ್ ಕೊಟ್ಟು 214(ಬಿ) ಅನ್ನುವ ಚೀಟಿ ಕೊಟ್ಟರೆ ಇಲ್ಲ ಅಂತ. ಅಲ್ಲಿಗೆ ಹೋಗುವ ಪ್ರತಿಯೊಬ್ಬರೂ ಅಲ್ಲೇ ಉಳಿದುಬಿಡುತ್ತಾರೆ ಅಂತ ಅವರ ಕಾನೂನು ಮೊದಲೇ ಅಂದುಕೊಂಡಿರುತ್ತದೆ. ವಾಪಸ್ ಬರುತ್ತೇವೆ ಅಂತ ತೋರಿಸುವುದು ನಮ್ಮ ಕೆಲಸ. 221(ಜಿ) ಚೀಟಿ ಬಂದರೆ ಇನ್ನೇನೋ ಕಾಗದ ಅಥವಾ ಪರಿಶೀಲನೆ ಬಾಕಿ ಇದೆ ಅಂತ. ನಮ್ಮ ಪಕ್ಕದ ಕಿಟಕಿಯಲ್ಲಿ ಒಬ್ಬರು ಎಷ್ಟು ದಿನ ಅಂದರೆ "ಆರು ತಿಂಗಳು, ಬೇಕಾದರೆ ಇನ್ನೂ ಜಾಸ್ತಿ" ಅಂದಿದ್ದು ನನಗೇ ಕೇಳಿಸಿತು. ಅವರದ್ದು ವಾಪಸ್ ಬಂತು. ಅದೇ ಕಾರಣವೋ ಬೇರೆಯೋ ಯಾರು ಬಲ್ಲರು. ಆದರೂ ಎಷ್ಟು ದಿನ, ಯಾಕೆ ಅಷ್ಟು ದಿನ, ಬಂದು ಏನು ಮಾಡುತ್ತೀರಿ, ಈ ಮೂರನ್ನು ನಿಮ್ಮ ಮಾತಿನಲ್ಲೇ ಹೇಳಲು ತಯಾರಾಗಿ ಹೋಗಿ. ಗಂಡ ಹೆಂಡತಿ ಒಂದೇ ಉತ್ತರ ಹೇಳಬೇಕು, ಅಷ್ಟೇ. ಬಾಯಿಪಾಠ ಬೇಡ.

ಪಾಸ್‌ಪೋರ್ಟನ್ನು ಬೆಂಗಳೂರಿನ ಕೇಂದ್ರದಿಂದ ಇಸಿದುಕೊಂಡೆವು. ಬಂದ ತಕ್ಷಣ ವೀಸಾದ ಮೇಲಿನ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ತಾಳೆ ನೋಡಿ. ಎಂಟ್ರೀಸ್ ಅನ್ನುವ ಕಡೆ ಎಂ ಅಂತ ಇದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು. ಪಾಸ್‌ಪೋರ್ಟ್ ಅವಧಿ ಮುಗಿದರೂ ಒಳಗಿನ ವೀಸಾ ಸಾಯುವುದಿಲ್ಲ. ಹಳೆಯದು ಹೊಸದು ಎರಡನ್ನೂ ಜೊತೆಗೆ ಒಯ್ಯಬೇಕು. ಟಿಕೆಟ್ ಮಾತ್ರ ವೀಸಾ ಕೈಗೆ ಬಂದ ಮೇಲೇ ತೆಗೆಸಿ.

ನಮ್ಮದು ಮೇ ತಿಂಗಳಲ್ಲಿ ಬೆಂಗಳೂರು, ದೋಹಾ, ಡಲ್ಲಾಸ್. ಮಂಡಿ ನೋವಿಗೆ ಅಂತ ಗಾಲಿ ಕುರ್ಚಿ ಬರೆಸಿದ್ದೆವು. ದೋಹಾದಲ್ಲಿ ಗೇಟು ಹುಡುಕುವ ತಾಪತ್ರಯ ತಪ್ಪಿತು. ಬಿಪಿ ಮಾತ್ರೆ ಐದು ತಿಂಗಳಿಗೆ ಆಗುವಷ್ಟು, ಡಾಕ್ಟರ ಚೀಟಿ ಸಮೇತ, ಕೈಚೀಲದಲ್ಲೇ ಇತ್ತು. ಅಲ್ಲಿ ಚೀಟಿ ಇಲ್ಲದೆ ಮಾತ್ರೆ ಕೊಡುವುದಿಲ್ಲ, ಡಾಕ್ಟರನ್ನು ನೋಡುವ ಖರ್ಚು ಕೇಳಿದರೆ ಬಿಪಿ ಇನ್ನೂ ಏರುತ್ತದೆ. ವಿಮೆ ಕಡ್ಡಾಯ ಅಲ್ಲ, ಆದರೂ ಮಾಡಿಸಿ. ಮೊದಲಿಂದ ಇರುವ ಕಾಯಿಲೆಗೆ ಎಷ್ಟು ಕೊಡುತ್ತಾರೆ ಅನ್ನುವ ಸಾಲನ್ನು ಓದಿಯೇ ಮಾಡಿಸಿ.

ಈಗ ಕೊಬ್ಬರಿ. ತಿಪಟೂರಿನವಳು ಮಗಳ ಮನೆಗೆ ಕೊಬ್ಬರಿ ಇಲ್ಲದೆ ಹೋಗುವುದು ಉಂಟಾ? ಒಳ್ಳೆಯ ಗಿಟುಕು ಇಪ್ಪತ್ತು ಆರಿಸಿ ಸೂಟ್‌ಕೇಸಿನಲ್ಲಿ ಸೀರೆ ಮಧ್ಯೆ ಇಟ್ಟಿದ್ದೆ. ಬೆಂಗಳೂರಿನಲ್ಲೇ ನಮ್ಮನ್ನು ಕರೆಸಿ ಸೂಟ್‌ಕೇಸ್ ತೆಗೆಸಿದರು. ಒಣ ಕೊಬ್ಬರಿ ಒಯ್ಯುವ ಹಾಗೇ ಇಲ್ಲವಂತೆ. ಎಣ್ಣೆ ಅಂಶ ಜಾಸ್ತಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ ಅಂತ. ಇಪ್ಪತ್ತೂ ಅಲ್ಲೇ ಉಳಿದವು. ನಮ್ಮ ಮನೆಯವರು ಅವುಗಳನ್ನು ತಿರುಗಿ ತಿರುಗಿ ನೋಡಿದ್ದು ನೆನೆಸಿಕೊಂಡರೆ ಈಗಲೂ ಪಾಪ ಅನ್ನಿಸುತ್ತದೆ. ತುರಿದು ಹುರಿದು ಅಂಟಿನುಂಡೆ ಒಳಗೆ ಸೇರಿದ್ದ ಕೊಬ್ಬರಿಗೆ ಯಾರೂ ಏನೂ ಅನ್ನಲಿಲ್ಲ.

ಅಮೆರಿಕದ ಕಡೆಯ ನಿಯಮ ಬೇರೆ. ಹಸಿ ಕರಿಬೇವು, ಹಣ್ಣು, ತರಕಾರಿ ಬೇಡ. ಅಕ್ಕಿ, ಕಡಲೆಕಾಳು ಕೂಡ ನಮ್ಮ ದೇಶದಿಂದ ಚೀಲದಲ್ಲಿ ಒಯ್ಯುವ ಹಾಗಿಲ್ಲ, ಒಂದು ಥರದ ಹುಳುವಿನ ಭಯ ಅವರಿಗೆ. ತಿನ್ನುವ ಪದಾರ್ಥ ಇದೆಯಾ ಅಂದರೆ "ಇದೆ" ಅನ್ನಿ. ಇದ್ದೂ ಇಲ್ಲ ಅಂದರೆ ದಂಡ. ನಾವು ಉಂಡೆ, ಉಪ್ಪಿನಕಾಯಿ, ಸಾರಿನ ಪುಡಿ ಅಂತ ಹೇಳಿದೆವು. ನೋಡಿ ಬಿಟ್ಟರು.

ಡಲ್ಲಾಸ್ ವಿಮಾನ ನಿಲ್ದಾಣದ ಅಧಿಕಾರಿ ಇನ್ನೊಮ್ಮೆ ಎಷ್ಟು ದಿನ ಅಂತ ಕೇಳುತ್ತಾರೆ. ಚೆನ್ನೈನಲ್ಲಿ ಹೇಳಿದ್ದನ್ನೇ ಹೇಳಿದೆವು, ವಾಪಸ್ ಟಿಕೆಟ್ ತೋರಿಸಿದೆವು. ವೀಸಾ ಹತ್ತು ವರ್ಷದ್ದು ಅಂದ ಮಾತ್ರಕ್ಕೆ ಹತ್ತು ವರ್ಷ ಇರಬಹುದು ಅಂತಲ್ಲ. ಪ್ರತಿ ಸಲ ಎಷ್ಟು ದಿನ ಅನ್ನುವುದನ್ನು ಅಲ್ಲಿ ನಿಂತ ಅಧಿಕಾರಿ ತೀರ್ಮಾನ ಮಾಡುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಅದು ಐ-94 ಅನ್ನುವ ದಾಖಲೆಯಲ್ಲಿ ಇರುತ್ತದೆ. ಮನೆ ಸೇರಿದ ಮೊದಲ ವಾರವೇ ಮಕ್ಕಳಿಂದ ವೆಬ್‌ಸೈಟಿನಲ್ಲಿ ತೆಗೆಸಿ, ಪ್ರಿಂಟ್ ಮಾಡಿಸಿ ಫ್ರಿಜ್ ಮೇಲೆ ಅಂಟಿಸಿ. ಆ ದಿನ ದಾಟಿದರೆ ವೀಸಾವೇ ಹೋಗುತ್ತದೆ. 180 ದಿನಕ್ಕಿಂತ ಜಾಸ್ತಿ ದಾಟಿ ಹೊರಗೆ ಬಂದರೆ ಮೂರು ವರ್ಷ, ಒಂದು ವರ್ಷ ದಾಟಿದರೆ ಹತ್ತು ವರ್ಷ ಒಳಗೆ ಬಿಡುವುದಿಲ್ಲ. ನಿಜವಾಗಿ ತುರ್ತು ಇದ್ದರೆ ಅವಧಿ ಮುಗಿಯುವ ಮುಂಚೆಯೇ ಮುಂದುವರಿಸಲು ಅರ್ಜಿ ಹಾಕುವ ದಾರಿ ಇದೆ.

ನಮ್ಮ ವೀಸಾ ಆದ ಮೇಲೆ ಇನ್ನೊಂದು ಬದಲಾವಣೆ ಆಗಿದೆ. ಮುಂಚೆ 80 ತುಂಬಿದ ಹಿರಿಯರಿಗೆ ಸಂದರ್ಶನ ಇಲ್ಲದೆ ವೀಸಾ ಆಗುತ್ತಿತ್ತು. 2025ರ ಸೆಪ್ಟೆಂಬರ್ 2ರಿಂದ ಆ ವಿನಾಯಿತಿ ಇಲ್ಲ. 14ರ ಒಳಗಿನ ಮಕ್ಕಳಿಗೂ ಇಲ್ಲ. ಹಳೆಯ ಬಿ1/ಬಿ2 ಮುಗಿದು 12 ತಿಂಗಳ ಒಳಗೆ ನವೀಕರಿಸುವವರಿಗೆ ಮಾತ್ರ ಇನ್ನೂ ಅವಕಾಶ ಉಳಿದಿದೆ. ಅಜ್ಜಿಯನ್ನು ಕರೆಸಿಕೊಳ್ಳಬೇಕು ಅಂತ ಇರುವವರು ಚೆನ್ನೈನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ.

ದೀಪಾವಳಿಗೆ ಮುಂಚೆ ಬಂದೆವು. ಅಟ್ಟದ ಕಾಯಿ ಹಾಗೇ ಇತ್ತು. ನನ್ನ ತಂಗಿಯ ಮಗ ಓಹಾಯೋದಲ್ಲಿ ಓದು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದಾನೆ, ಮದುವೆಯ ಮಾತು ಇನ್ನೂ ಎತ್ತಿಲ್ಲ. ತಂಗಿಯ ಹತ್ತಿರ ಪಾಸ್‌ಪೋರ್ಟೇ ಇಲ್ಲ. "ಈಗ ಯಾಕಕ್ಕ, ನೋಡೋಣ ಬಿಡು" ಅಂದಳು. ಮೊನ್ನೆ ಭಾನುವಾರ ಊಟಕ್ಕೆ ಕರೆದು, ಎಲೆ ಎತ್ತಿದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂರಿಸಿ ಪಾಸ್‌ಪೋರ್ಟ್ ಅರ್ಜಿ ತುಂಬಿಸಿದೆ. ಸರ್‌ನೇಮ್ ಜಾಗ ಬಂದಾಗ ಅವಳು ದಾಟಿಕೊಂಡು ಮುಂದೆ ಹೋಗುವುದರಲ್ಲಿದ್ದಳು. ಕೈ ಹಿಡಿದು ನಿಲ್ಲಿಸಿದೆ.